ಬೀಗ ನಮ್ಮನೆ ಪೆಟ್ಟಿಗೆಗೆ, ಬೀಗದ ಕೈ ಯಾರ ಹತ್ತಿರ?

ಆಫೀಸಲ್ಲಿ ಕೂತು ವಿಡಿಯೋ ನೋಡೋಕಾಗಲ್ಲ, ಓದೋಕೆ ಕೊಡಿ ಅನ್ನುವವರಿಗಾಗಿ ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವ ಭರದಲ್ಲಿ ಹಾರಿಸಿಬಿಟ್ಟಿದ್ದ ಒಂದೆರಡು ವಿವರ ಸೇರಿಸಿದ್ದೇನೆ.

ಇವತ್ತಿನ ವಿಷಯ ಕಾಪಿ ಪ್ರೊಟೆಕ್ಷನ್. ಅದರಲ್ಲೂ ಕಡ್ಡಾಯದ ಕಾಪಿ ಪ್ರೊಟೆಕ್ಷನ್. ಸಿನಿಮಾ ಕದಿಯಬೇಡಿ ಅಂತ ಕಾನೂನು ಜನರಿಗೆ ಹೇಳುವುದು ಒಂದು ಬಗೆ. ನೀನು ಮಾರುವ ಟಿವಿ, ವಿಸಿಆರ್, ಕಂಪ್ಯೂಟರ್ ಒಳಗೇ ಬೀಗ ಕೂರಿಸಿ ಮಾರು ಅಂತ ಯಂತ್ರ ತಯಾರಿಸುವವನಿಗೆ ಹೇಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ನಿಮ್ಮ ಮೇಲೆ ಕೇಸ್ ಬಿದ್ದರೆ ಕೋರ್ಟಿಗೆ ಹೋಗಿ ವಾದ ಮಾಡಬಹುದು. ಎರಡನೆಯದರಲ್ಲಿ ಯಂತ್ರವೇ ಪೊಲೀಸು, ಯಂತ್ರವೇ ಜಡ್ಜು. ವಾದ ಕೇಳೋರು ಯಾರೂ ಇರಲ್ಲ. ಈ ಎರಡರ ನಡುವಿನ ಜಗಳ ಅಮೆರಿಕದಲ್ಲಿ ಮೂವತ್ತು ವರ್ಷ ನಡೀತು. ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗಿದೆ. ನಾನಿರುವ ಬೀದಿಯಲ್ಲೇ ಆಗಿದೆ.

ನಾನಿರೋದು ಕೋಡಂಬಾಕ್ಕಂನಲ್ಲಿ. ಚೆನ್ನೈಗೆ ಕೆಲಸಕ್ಕೆ ಬಂದ ಕನ್ನಡದ ಹುಡುಗರಿಗೆ ಈ ಹೆಸರು ಲೋಕಲ್ ಟ್ರೈನ್ ನಿಲ್ದಾಣ, ಅದರ ಪಕ್ಕದ ಮೇಲ್ಸೇತುವೆ, ಬಾಡಿಗೆ ರೂಮು ಅಷ್ಟೆ. ಆದರೆ ಹಾಲಿವುಡ್‌ನ ಬಾಲಕ್ಕೆ ಈ ಊರಿನ ಮೊದಲ ಅಕ್ಷರ ಅಂಟಿಸಿಯೇ ಕೋಲಿವುಡ್ ಆದದ್ದು. ಇಲ್ಲಿಂದ ವಡಪಳನಿ ಕಡೆ ನಡೆದರೆ ಎವಿಎಂ, ಒಂದು ಕಾಲಕ್ಕೆ ವಿಜಯಾ ವಾಹಿನಿ ಇದ್ದ ಜಾಗ. ಇನ್ನೂ ಆಚೆ ಸಾಲಿಗ್ರಾಮದಲ್ಲಿ ಪ್ರಸಾದ್. ಕನ್ನಡ ಚಿತ್ರರಂಗ ಬೆಂಗಳೂರಿಗೆ ಗಂಟುಮೂಟೆ ಕಟ್ಟುವವರೆಗೂ ನಮ್ಮವರ ಶೂಟಿಂಗು, ಡಬ್ಬಿಂಗು, ಲ್ಯಾಬು ಎಲ್ಲಾ ಇಲ್ಲೇ. ಶಿವರಾಜ್‌ಕುಮಾರ್, ಪುನೀತ್ ಇಬ್ಬರೂ ಹುಟ್ಟಿದ್ದು ಈ ಊರಲ್ಲೇ.

ಈ ಬೀದಿಗಳ ವ್ಯಾಪಾರ ಏನಾಗಿತ್ತು ಅಂತ ಯೋಚನೆ ಮಾಡಿದ್ರೆ, ಅದು ಕಾಪಿ ಮಾಡುವ ವ್ಯಾಪಾರವೇ. ಒಂದು ನೆಗೆಟಿವ್ ಇರ್ತಿತ್ತು, ಲ್ಯಾಬಿನಲ್ಲಿ ಅದರಿಂದ ಹತ್ತೋ ಐವತ್ತೋ ಪ್ರಿಂಟ್ ಹಾಕ್ತಿದ್ರು, ರೀಲುಗಳು ತಗಡಿನ ಡಬ್ಬಿಯಲ್ಲಿ ಕೂತು ಗಾಂಧಿನಗರಕ್ಕೋ ಮಧುರೈಗೋ ಹೋಗ್ತಿದ್ದವು. ಪ್ರಿಂಟ್ ಯಾರ ಕೈಯಲ್ಲಿತ್ತೋ ಸಿನಿಮಾ ಅವರ ಹಿಡಿತದಲ್ಲಿತ್ತು. ಬೇರೆ ಬೀಗ ಬೇಕಿರಲಿಲ್ಲ, ಯಾಕಂದ್ರೆ ಮನೆಯಲ್ಲಿ ಕೂತು 35 ಎಂಎಂ ಪ್ರಿಂಟ್ ಹಾಕೋಕೆ ಯಾರಿಗೂ ಸಾಧ್ಯವಿರಲಿಲ್ಲ.

ಅದನ್ನ ಮುರಿದದ್ದು ವಿಸಿಆರ್. ಸೋನಿಯವರ ಬೀಟಾಮ್ಯಾಕ್ಸ್ ಬಂದದ್ದು 1975ರಲ್ಲಿ. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಸೋನಿ ಮೇಲೆ ಕೇಸ್ ಹಾಕಿದವು. ಹಾಲಿವುಡ್ ಪರ ಲಾಬಿ ಮಾಡುತ್ತಿದ್ದ ಜ್ಯಾಕ್ ವ್ಯಾಲೆಂಟಿ 1982ರಲ್ಲಿ ಅಮೆರಿಕದ ಸಂಸದರ ಮುಂದೆ ವಿಸಿಆರ್ ಅನ್ನು ಒಂಟಿ ಹೆಂಗಸರ ಕುತ್ತಿಗೆ ಹಿಸುಕುತ್ತಿದ್ದ ಬೋಸ್ಟನ್‌ನ ಕೊಲೆಗಾರನಿಗೆ ಹೋಲಿಸಿಬಿಟ್ಟರು. 1984ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಅಂತರದಲ್ಲಿ ಸೋನಿ ಪರವಾಗಿ ತೀರ್ಪು ಕೊಟ್ಟಿತು. ಆಮೇಲೆ ನೋಡೋಣ ಅಂತ ಟಿವಿ ಕಾರ್ಯಕ್ರಮ ಟೇಪ್ ಮಾಡಿಕೊಳ್ಳುವುದು ತಪ್ಪಲ್ಲ, ಆ ಯಂತ್ರ ಮಾರುವುದೂ ತಪ್ಪಲ್ಲ. ಒಂದೇ ಒಂದು ವೋಟು ಆ ಕಡೆ ಬಿದ್ದಿದ್ದರೆ ಕಥೆಯೇ ಬೇರೆ ಆಗ್ತಿತ್ತು.

ನಮ್ಮಲ್ಲಿ ಅದೇ ಹೊತ್ತಿಗೆ ಏನಾಗ್ತಿತ್ತು ಅನ್ನೋದು ನಿಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರುತ್ತೆ. ಒಂದು ರಾತ್ರಿಗೆ ಟಿವಿ, ವಿಸಿಆರ್ ಬಾಡಿಗೆಗೆ ತಂದು, ವಠಾರದವರೆಲ್ಲ ಸೇರಿ ಬೆಳಗಿನ ತನಕ ಮೂರು ಸಿನಿಮಾ. ಊರೂರಲ್ಲಿ ವಿಡಿಯೋ ಪಾರ್ಲರ್. ಬೆಂಗಳೂರು ಮದ್ರಾಸ್ ನಡುವೆ ವಿಡಿಯೋ ಕೋಚ್ ಬಸ್ಸು. ಬಸ್ಸಲ್ಲಿ ಓಡುತ್ತಿದ್ದ ಸಿನಿಮಾದಿಂದ ನಿರ್ಮಾಪಕನಿಗೆ ನಯಾಪೈಸೆ ಹುಟ್ಟುತ್ತಿರಲಿಲ್ಲ. ಕೋಡಂಬಾಕ್ಕಂನವರಿಗೆ ಹೊಟ್ಟೆ ಉರಿದದ್ದರಲ್ಲಿ ನ್ಯಾಯ ಇದೆ. ಪೈರಸಿ ಅಂದ್ರೆ ಬರೀ ದೊಡ್ಡ ಕಂಪನಿಗಳ ಗೋಳು ಅಂತ ನಾನು ಹೇಳೋನಲ್ಲ. ಸಾಲ ಮಾಡಿ ಒಂದೇ ಒಂದು ಪಿಕ್ಚರ್ ತೆಗೆದು ಮನೆ ಮಾರಿಕೊಂಡವರ ಮಕ್ಕಳು ಈಗಲೂ ಈ ಬೀದಿಗಳಲ್ಲಿದ್ದಾರೆ.

ಆಗ ಸರ್ಕಾರಗಳು ಹಿಡಿದ ದಾರಿ ಗಮನಿಸಬೇಕು. 1984ರಲ್ಲೇ ಕೇಂದ್ರ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದು ವೀಡಿಯೋ ಕ್ಯಾಸೆಟ್ ಮೇಲೆ ಹಕ್ಕುದಾರರ ಹೆಸರು, ವಿಳಾಸ ಹಾಕಬೇಕು ಅಂತ ಮಾಡಿತು, ಶಿಕ್ಷೆ ಹೆಚ್ಚಿಸಿತು. ಅದೇ ವರ್ಷ ತಮಿಳುನಾಡು ವಿಸಿಆರ್ ಮೂಲಕ ಸಿನಿಮಾ ತೋರಿಸೋರಿಗೆ ಲೈಸೆನ್ಸ್ ಇರಬೇಕು ಅಂತ ತನ್ನದೇ ಕಾಯ್ದೆ ತಂದಿತು. ಎಲ್ಲವೂ ಮನುಷ್ಯರ ಮೇಲೆ: ಮಾರುವವನು, ತೋರಿಸುವವನು, ಬಾಡಿಗೆಗೆ ಕೊಡುವವನು. ವಿಸಿಆರ್ ತಾನೇ ನಿರಾಕರಿಸಬೇಕು ಅಂತ ಯಾರೂ ಹೇಳಲಿಲ್ಲ.

ಅಮೆರಿಕದಲ್ಲಿ ಹೇಳಿದರು. ಮ್ಯಾಕ್ರೋವಿಷನ್ ಅಂತ ಒಂದು ತಂತ್ರ ಬಂತು. ಟಿವಿ ಚಿತ್ರದ ಒಂದು ಫೀಲ್ಡಿಗೂ ಇನ್ನೊಂದಕ್ಕೂ ನಡುವೆ ಪರದೆಗೆ ಕಾಣದ ಕೆಲವು ಗೆರೆಗಳಿರುತ್ತವೆ. ಅಲ್ಲಿ ಸುಳ್ಳು ಸಿಗ್ನಲ್ ತುರುಕಿದರೆ ಟಿವಿ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಆದರೆ ವಿಸಿಆರ್ ಒಳಗೆ ಸಿಗ್ನಲ್ ಮಟ್ಟವನ್ನ ತಾನಾಗಿ ಹೊಂದಿಸುವ ಸರ್ಕ್ಯೂಟ್ ಇದೆಯಲ್ಲ, ಅದು ಮೋಸ ಹೋಗುತ್ತೆ; ಕಾಪಿ ಒಂದು ಕ್ಷಣ ಕಪ್ಪು, ಒಂದು ಕ್ಷಣ ಬಿಳಿಚು. ತೊಂದರೆ ಏನಂದ್ರೆ ಬೇರೆ ಥರ ಸರ್ಕ್ಯೂಟ್ ಇರುವ ವಿಸಿಆರ್ ಮೋಸ ಹೋಗ್ತಿರಲಿಲ್ಲ. ಹಾಗಾಗಿ 1998ರ ಡಿಎಂಸಿಎ ಕಾಯ್ದೆಯ ಒಳಗೆ ಒಂದು ಕಲಮು ಸೇರಿಸಿದರು: ಇನ್ನು ಮುಂದೆ ಮಾರುವ ವಿಎಚ್‌ಎಸ್ ರೆಕಾರ್ಡರ್‌ಗಳೆಲ್ಲ ಈ ಸುಳ್ಳಿಗೆ ಮೋಸ ಹೋಗಲೇಬೇಕು. ನಗಬೇಡಿ, ಅದರ ತಾತ್ಪರ್ಯ ಅದೇ. ಯಂತ್ರ ಸರಿಯಾಗಿ ಕೆಲಸ ಮಾಡಬಾರದು ಅಂತ ಕಾನೂನು!

ಆದರೆ ಆ ಕಲಮಿನ ಇನ್ನೊಂದು ಅರ್ಧ ಯಾರೂ ಹೇಳಲ್ಲ, ನನಗೆ ಮುಖ್ಯ ಅನ್ನಿಸೋದೇ ಅದು. ಕಡ್ಡಾಯ ಮಾಡಿದ ಕಾಂಗ್ರೆಸ್ಸೇ, ಈ ಬೀಗವನ್ನ ಎಲ್ಲಿ ಹಾಕಬಾರದು ಅಂತಲೂ ಬರೆಯಿತು. ಆಂಟೆನಾದಲ್ಲಿ ಉಚಿತವಾಗಿ ಬರುವ ಪ್ರಸಾರಕ್ಕೆ ಹಾಕೋ ಹಾಗಿಲ್ಲ. ಅದಕ್ಕೂ ಮುಂಚೆ 1992ರಲ್ಲಿ ಡಿಜಿಟಲ್ ಆಡಿಯೋ ಟೇಪ್ ವಿಚಾರದಲ್ಲೂ ಹೀಗೇ ಆಗಿತ್ತು. ಒಂದು ಡಿಜಿಟಲ್ ಕಾಪಿಯಿಂದ ಮತ್ತೊಂದು ಡಿಜಿಟಲ್ ಕಾಪಿ ತೆಗೆಯೋಕೆ ಬಿಡದ ಚಿಪ್ ಕಡ್ಡಾಯ, ಖಾಲಿ ಟೇಪಿನ ಮೇಲೆ ಹಾಡಿನವರಿಗೆ ಒಂದಿಷ್ಟು ಹಣ. ಬದಲಿಗೆ ಮನೆಯಲ್ಲಿ ಸ್ವಂತಕ್ಕೆ ಟೇಪ್ ಮಾಡುವವರ ಮೇಲೆ ಕೇಸ್ ಹಾಕುವಂತಿಲ್ಲ. ಸಂತೆಯಲ್ಲಿ ಚೌಕಾಸಿ ಮಾಡಿದ ಹಾಗೆ ಒಂದು ಕೊಟ್ಟು ಒಂದು ತಗೊಂಡರು. ಒಪ್ಪಂದ ಚೆನ್ನಾಗಿತ್ತೋ ಇಲ್ಲವೋ, ಬಹಿರಂಗವಾಗಿ ನಡೀತು.

ಈ ಹುಚ್ಚು ತಲೆಗೇರಿದ್ದು 2002ರ ಮಾರ್ಚ್‌ನಲ್ಲಿ. ಸೆನೆಟರ್ ಫ್ರಿಟ್ಜ್ ಹಾಲಿಂಗ್ಸ್ ಒಂದು ಮಸೂದೆ ತಂದರು. ಡಿಜಿಟಲ್ ರೂಪದ ಹಾಡು ಸಿನಿಮಾ ಮುಟ್ಟುವ ಪ್ರತಿ ಹಾರ್ಡ್‌ವೇರ್, ಪ್ರತಿ ಸಾಫ್ಟ್‌ವೇರ್ ಒಳಗೂ ಸರ್ಕಾರ ಒಪ್ಪಿದ ಬೀಗ ಇರಬೇಕು. ಪ್ರತಿ ಸಾಫ್ಟ್‌ವೇರ್! ನಾವು ನೀವು ಶನಿವಾರ ಕೂತು ಬರೆಯುವ ಪುಟ್ಟ ಮೀಡಿಯಾ ಪ್ಲೇಯರ್ ಕೂಡ. ಡಿಸ್ನಿ ಪರವಾಗಿ ನಿಂತಿತು, ಇಂಟೆಲ್ ಎದುರು ನಿಂತಿತು. ಮಸೂದೆ ಸಮಿತಿಯಲ್ಲೇ ಸತ್ತಿತು. ಅದು ಸತ್ತ ಮೇಲೆ ಸಣ್ಣದಾಗಿ ಬಂದದ್ದು ಬ್ರಾಡ್‌ಕಾಸ್ಟ್ ಫ್ಲ್ಯಾಗ್. ಡಿಜಿಟಲ್ ಟಿವಿ ಸಿಗ್ನಲ್ ಜೊತೆ ಒಂದು ಗುರುತು ಕಳಿಸುವುದು, ಆ ಗುರುತು ಕಂಡರೆ ಟಿವಿಯಾಗಲಿ ಟ್ಯೂನರ್ ಕಾರ್ಡಾಗಲಿ ಕಾರ್ಯಕ್ರಮವನ್ನ ಬೀಗ ಇಲ್ಲದ ಯಂತ್ರಕ್ಕೆ ಬಿಟ್ಟುಕೊಡಬಾರದು. 2003ರ ನವೆಂಬರ್‌ನಲ್ಲಿ ಎಫ್‌ಸಿಸಿ ಅದನ್ನ ನಿಯಮ ಮಾಡಿತು, 2005ರ ಜುಲೈ 1ರಿಂದ ಜಾರಿ ಅಂದಿತು. ಲೈಬ್ರರಿಗಳ ಸಂಘ ಕೋರ್ಟಿಗೆ ಹೋಯಿತು. ಹೌದು, ಲೈಬ್ರರಿಯವರು. ಪ್ರಸಾರ ಜನರ ಟಿವಿಗೆ ತಲುಪಿದ ಮೇಲೆ ಆ ಪೆಟ್ಟಿಗೆ ಏನು ಮಾಡಬೇಕು ಅಂತ ಹೇಳುವ ಅಧಿಕಾರ ಎಫ್‌ಸಿಸಿಗೆ ಇಲ್ಲ ಅಂತ 2005ರ ಮೇ 6ರಂದು ಕೋರ್ಟ್ ಆ ನಿಯಮವನ್ನ ಎತ್ತಿ ಆಚೆ ಹಾಕಿತು. ಜಾರಿಗೆ ಎರಡು ತಿಂಗಳೂ ಉಳಿದಿರಲಿಲ್ಲ.

ಈಗ ವಾಪಸ್ ಕೋಡಂಬಾಕ್ಕಂಗೆ ಬನ್ನಿ. ಎಫ್‌ಸಿಸಿ ಆ ಆದೇಶ ಹೊರಡಿಸುವ ಎರಡು ತಿಂಗಳ ಮುಂಚೆ, 2003ರ ಸೆಪ್ಟೆಂಬರ್ 1ಕ್ಕೆ, ಈ ಊರಿನ ಟಿವಿಗಳಿಗೆ ಬೀಗ ಬಿದ್ದಿತ್ತು. ಆ ವರ್ಷವೇ ನಾನು ಚೆನ್ನೈಗೆ ಬಂದದ್ದು. ಟ್ರಸ್ಟ್‌ಪುರಂನಲ್ಲಿ ನಾಲ್ಕು ಜನ ಕನ್ನಡದ ಹುಡುಗರು ಒಂದು ರೂಮು.

ಹಿನ್ನೆಲೆ ಹೀಗೆ. ಚಾನಲ್‌ನವರಿಗೆ ಕೇಬಲ್‌ನವರ ಮೇಲೆ ಅನುಮಾನ: ಸಾವಿರ ಮನೆಗೆ ಕನೆಕ್ಷನ್ ಕೊಟ್ಟು ಇನ್ನೂರು ಅಂತ ಲೆಕ್ಕ ತೋರಿಸ್ತಾರೆ. ಕೇಬಲ್‌ನವರಿಗೆ ಚಾನಲ್‌ಗಳ ಮೇಲೆ ಸಿಟ್ಟು: ವರ್ಷ ವರ್ಷ ರೇಟು ಏರಿಸ್ತಾರೆ. ನಡುವೆ ಜನ. ಪಾರ್ಲಿಮೆಂಟ್ 2002ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದಿತು. ಕಾಸು ಕೊಟ್ಟು ನೋಡುವ ಪೇ ಚಾನಲ್‌ಗಳನ್ನ ಕಲಸಿಯೇ ಕಳಿಸಬೇಕು, ನೋಡಬೇಕಾದವರು ಸೆಟ್ ಟಾಪ್ ಬಾಕ್ಸ್ ಇಟ್ಟುಕೊಳ್ಳಬೇಕು. ಹೆಸರು ಕಂಡೀಷನಲ್ ಆ್ಯಕ್ಸೆಸ್ ಸಿಸ್ಟಂ, ಎಲ್ಲರ ಬಾಯಲ್ಲಿ ಕ್ಯಾಸ್. ನಾಲ್ಕು ಮಹಾನಗರಗಳಲ್ಲೂ ಶುರು ಆಗಬೇಕಿತ್ತು. ದಿಲ್ಲಿಯಲ್ಲಿ ಎಲೆಕ್ಷನ್ ಹತ್ತಿರ ಬಂತು, ಮುಂಬೈ ಕೋಲ್ಕತ್ತಾ ಹಿಂದೇಟು ಹಾಕಿದವು. ನಿಜವಾಗಿ ಜಾರಿಗೆ ಬಂದದ್ದು ಚೆನ್ನೈ ಒಂದರಲ್ಲೇ. ಉಳಿದ ಮೂರು ಊರಿನ ದಕ್ಷಿಣ ಭಾಗಗಳಿಗೆ ಅದು ತಲುಪಿದ್ದು 2006ರ ಕೊನೆ ದಿನ.

ಸೆಪ್ಟೆಂಬರ್ 1ರಿಂದ ನಮ್ಮ ರೂಮಿನ ಟಿವಿಯಲ್ಲಿ ಉಚಿತ ಚಾನಲ್‌ಗಳು ಮಾತ್ರ ಉಳಿದವು. ಅದಕ್ಕೆ ತಿಂಗಳಿಗೆ 72 ರೂಪಾಯಿ ಅಂತ ಸರ್ಕಾರವೇ ದರ ಕಟ್ಟಿತ್ತು, ತೆರಿಗೆ ಬೇರೆ. ಸ್ಪೋರ್ಟ್ಸ್ ಚಾನಲ್ ಹೋಯಿತು. ಇಂಗ್ಲಿಷ್ ಪಿಕ್ಚರ್ ಹೋಯಿತು. ಬಾಕ್ಸ್ ಕೊಳ್ಳೋಕೆ ಸಾವಿರಾರು ರೂಪಾಯಿ, ಅದೂ ಒಂದು ಕೇಬಲ್ ಕಂಪನಿಯ ಬಾಕ್ಸ್ ಇನ್ನೊಂದರ ಏರಿಯಾದಲ್ಲಿ ಕಲ್ಲಿಗೆ ಸಮ. ಮೂರು ತಿಂಗಳಿಗೊಮ್ಮೆ ರೂಮು ಬದಲಿಸುವ ನಮ್ಮಂಥವರು ಯಾಕೆ ಕೊಳ್ತಾರೆ? ಆ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟ್ ಬಂತು. ದ್ರಾವಿಡ್ 233 ಹೊಡೆದ ಟೆಸ್ಟ್. ನಮ್ಮ ಓನರ್ ಮನೆಯಲ್ಲಿ ಬಾಕ್ಸ್ ಇತ್ತು. ಬೆಳಗಿನ ಜಾವ ಹೋಗಿ ಬಾಗಿಲ ಹತ್ತಿರ ನಿಂತರೆ "ವಾಂಗ ತಂಬಿ" ಅಂತ ಒಳಗೆ ಕರೆದು, ಕಾಫಿನೂ ಕೊಟ್ಟು, ನಿಮ್ಮ ಊರಿನವನು ಆಡ್ತಿದ್ದಾನೆ ಅಂತ ಮುಂದಿನ ಜಾಗ ಬಿಟ್ಟುಕೊಡ್ತಿದ್ರು. ಚೆನ್ನೈನವರು ಮುಖ ಗಂಟು ಹಾಕ್ಕೊಂಡಿರ್ತಾರೆ ಅನ್ನೋರಿಗೆ ನಾನು ಈ ಕಥೆ ಹೇಳೋದುಂಟು.

ಆದರೆ ಓನರ್ ಥರ ಬಾಕ್ಸ್ ಕೊಂಡವರು ಕಡಿಮೆ. ಊರಿನ ಜನ ನೋಡುತ್ತಿದ್ದ ದೊಡ್ಡ ತಮಿಳು ಚಾನಲ್‌ಗಳು ಉಚಿತ ಪಟ್ಟಿಯಲ್ಲೇ ಇದ್ದವು. ಧಾರಾವಾಹಿ ಬರ್ತಿದ್ದ ಮೇಲೆ ಬಾಕ್ಸ್ ಯಾರಿಗೆ ಬೇಕು? ಪಾರ್ಲಿಮೆಂಟ್ ಬೀಗ ಕಡ್ಡಾಯ ಮಾಡಿತು, ಚೆನ್ನೈನ ಗೃಹಿಣಿಯರು ಬೀಗದ ಆಚೆ ಇರೋದೇ ಬೇಡ ಅಂದುಬಿಟ್ಟರು. ನನ್ನ ಪ್ರಕಾರ ಈ ದೇಶದಲ್ಲಿ ಮನೆಯ ಎಲೆಕ್ಟ್ರಾನಿಕ್ಸ್ ಮೇಲೆ ಕಡ್ಡಾಯದ ಬೀಗ ಹಾಕಿದ ಮೊದಲ ದೊಡ್ಡ ಪ್ರಯೋಗ ಅದು, ಜನ ಅದನ್ನ ಗಲಾಟೆ ಮಾಡದೆ ಸೋಲಿಸಿದರು.

ಕ್ಯಾಸ್ ಕಾಪಿ ತಡೆಯುವ ಬೀಗ ಅಲ್ಲವಲ್ಲ, ನೋಡೋದನ್ನ ತಡೆಯುವ ಬೀಗ ಅಲ್ವಾ ಅಂತ ನೀವು ಕೇಳಬಹುದು. ಸರಿ. ಆದರೆ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡಿ. ಮುಂಚೆ ಕೇಬಲ್ ಸೀದಾ ವಿಸಿಆರ್‌ಗೆ ಹೋಗ್ತಿತ್ತು. ವಿಸಿಆರ್ ಒಳಗೇ ಟ್ಯೂನರ್ ಇತ್ತು. ನೀವು ಒಂದು ಚಾನಲ್ ನೋಡ್ತಾ ಇನ್ನೊಂದನ್ನ ಟೇಪ್ ಮಾಡಬಹುದಿತ್ತು. ಬಾಕ್ಸ್ ಬಂದ ಮೇಲೆ ಅದು ಹೊರಗೆ ಬಿಟ್ಟದ್ದನ್ನ ಮಾತ್ರ ನೀವು ಹಿಡಿಯಬಹುದು. ಮುಂದೆ ರೆಕಾರ್ಡ್ ಮಾಡುವ ಡಿಸ್ಕ್ ಕೂಡ ಬಾಕ್ಸಿನ ಹೊಟ್ಟೆಯೊಳಗೆ ಸೇರಿತು.

ಅದರಿಂದ ಏನಾಗುತ್ತೆ ಅನ್ನೋದಕ್ಕೆ ನನ್ನದೇ ಒಂದು ಸಂಗತಿ. 2011ರಲ್ಲಿ ತೀರ್ಥಹಳ್ಳಿಯ ನಮ್ಮ ಅಮ್ಮ ಒಂದು ಕನ್ನಡ ಚಾನಲ್ಲಿನ ಅಡುಗೆ ಕಾರ್ಯಕ್ರಮದಲ್ಲಿ ಪತ್ರೊಡೆ ಮಾಡಿ ತೋರಿಸಿದ್ದರು. ಇಪ್ಪತ್ತು ನಿಮಿಷ. ಕೆಸುವಿನ ಎಲೆ ನಾರು ತೆಗೆಯೋದು ಹೇಗೆ ಅಂತ ಆ ಆ್ಯಂಕರ್ ಹುಡುಗಿಗೆ ಗದರಿಸಿಯೇ ಹೇಳಿಕೊಟ್ಟಿದ್ದರು. ಇಲ್ಲಿ ಕನ್ನಡ ಚಾನಲ್‌ಗಾಗಿ ನಾನು ಹಾಕಿಸಿಕೊಂಡಿದ್ದ ಡಿಟಿಎಚ್ ಬಾಕ್ಸಿನಲ್ಲಿ ಅದನ್ನ ರೆಕಾರ್ಡ್ ಮಾಡಿ ಇಟ್ಟಿದ್ದೆ. ಮೂರು ವರ್ಷದ ಮೇಲೆ ಬಾಕ್ಸ್ ಕೆಟ್ಟಿತು. ಬಂದ ಹುಡುಗ ಹೊಸ ಬಾಕ್ಸ್ ಕೊಟ್ಟು ಹಳೇದು ವಾಪಸ್ ಕೊಡಿ ಸಾರ್ ಅಂದ. ಒಳಗಿನ ಡಿಸ್ಕ್‌ನಿಂದ ಒಂದು ಫೈಲ್ ಬೇಕು ಅಂದೆ. ಅದು ಎನ್‌ಕ್ರಿಪ್ಟ್ ಆಗಿರುತ್ತೆ, ಆ ಬಾಕ್ಸು ಆ ಕಾರ್ಡು ಎರಡೂ ಸೇರಿದರೆ ಮಾತ್ರ ತೆಗೆಯೋಕಾಗೋದು ಅಂದರು ಕಾಲ್ ಸೆಂಟರ್‌ನವರು. ಬಾಕ್ಸ್ ಕಂಪನಿ ಆಸ್ತಿಯಂತೆ, ಇಟ್ಟುಕೊಳ್ಳೋ ಹಾಗೂ ಇಲ್ಲ. ಚಾನಲ್‌ನಲ್ಲಿ ವಿಚಾರಿಸಿದರೆ ಆ ಕಂತು ಉಳಿದಿರಲಿಲ್ಲ. ಅಮ್ಮ ಹೋಗಿ ಈಗ ಕೆಲವು ವರ್ಷ ಆಯಿತು. ಅವರು ಮಾತಾಡುವ, ನಗುವ ಬೇರೆ ವಿಡಿಯೋ ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ.

ಯೋಚನೆ ಮಾಡಿ, ಅದೇ ಕಾರ್ಯಕ್ರಮ 1991ರಲ್ಲಿ ಬಂದಿದ್ದರೆ ಮಾಮೂಲಿ ವಿಎಚ್‌ಎಸ್ ಟೇಪಿನಲ್ಲಿ ಇರುತ್ತಿತ್ತು. ಬೂಷ್ಟು ಹಿಡಿದಿದ್ದರೂ ಯಾವುದೋ ಅಂಗಡಿಯವನು ಒರೆಸಿ ಎಬ್ಬಿಸಿಕೊಡುತ್ತಿದ್ದ.

ಇದರಲ್ಲಿ ಕಾನೂನು ಏನು ಹೇಳುತ್ತೆ? ತಮಾಷೆ ಇರೋದು ಇಲ್ಲೇ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು. ಜಾವೇದ್ ಅಖ್ತರ್ ಗೀತೆ ಬರೆಯುವವರ ರಾಯಲ್ಟಿಗಾಗಿ ಹೋರಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತಿದ್ದುಪಡಿಯಲ್ಲಿ 65ಎ ಅಂತ ಒಂದು ಕಲಮು ಸದ್ದಿಲ್ಲದೆ ಬಂದು ಕೂತಿತು. ಡಿಜಿಟಲ್ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಒಂದು ಷರತ್ತು: ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಮುರಿದಿರಬೇಕು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ತಪ್ಪಲ್ಲ. ಎನ್‌ಕ್ರಿಪ್ಷನ್ ಸಂಶೋಧನೆಗೆ ವಿನಾಯಿತಿ ಇದೆ. ಬಳಕೆದಾರನ ಮೇಲೆ ಕಣ್ಣಿಡುವ ಬೀಗವನ್ನ ತಪ್ಪಿಸಿಕೊಳ್ಳೋಕೂ ವಿನಾಯಿತಿ ಇದೆ. ಅಮೆರಿಕದ ಡಿಎಂಸಿಎಯಲ್ಲಿರುವ ಹಾಗೆ ಬೀಗ ಮುರಿಯುವ ಸಲಕರಣೆ ಮಾಡುವುದು, ಮಾರುವುದೇ ಅಪರಾಧ ಅಂತ ಇಲ್ಲಿ ಬರೆದಿಲ್ಲ. ಟಿವಿ ಮಾಡುವವನು ಬೀಗ ಕೂರಿಸಲೇಬೇಕು ಅಂತಲೂ ಇಲ್ಲ. ಸ್ವಂತ ಬಳಕೆಗೆ ಕಾಪಿ ಮಾಡಿಕೊಳ್ಳುವ ವಿನಾಯಿತಿ ಮುಂಚೆ ಪುಸ್ತಕ, ಸಂಗೀತ ಕೃತಿ ಇಂಥವಕ್ಕೆ ಮಾತ್ರ ಇತ್ತು. 2012ರಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು ಸಿನಿಮಾ, ರೆಕಾರ್ಡಿಂಗ್ ಎಲ್ಲಕ್ಕೂ ವಿಸ್ತರಿಸಿದರು. 2018ರ ಕೊನೆಗೆ ಭಾರತ ಅಂತಾರಾಷ್ಟ್ರೀಯ ಕಾಪಿರೈಟ್ ಒಪ್ಪಂದಗಳಿಗೆ ಸೇರಿದಾಗಲೂ ಈ ಷರತ್ತು ಹಾಗೇ ಉಳಿಯಿತು.

ಅಂದ್ರೆ ಅಮ್ಮನ ಪತ್ರೊಡೆ ವಿಡಿಯೋ ಬಿಡಿಸಿಕೊಳ್ಳೋಕೆ ನಾನು ಆ ಡಿಸ್ಕಿನ ಬೀಗ ಒಡೆದಿದ್ದರೆ, ನನಗೆ ಅರ್ಥವಾಗಿರೋ ಮಟ್ಟಿಗೆ, ಕಾನೂನು ನನ್ನ ಕಡೆ. ನನಗೆ ಒಡೆಯೋಕೆ ಬರಲ್ಲ, ಬಲ್ಲವರೊಬ್ಬರಿಂದ ಒಡೆಸಿದ್ದರೆ? ಅದೂ ಆಗಬಹುದು. ಆದರೆ ಸಹಾಯ ಮಾಡಿದವರು ನನ್ನ ಹೆಸರು, ವಿಳಾಸ, ಉದ್ದೇಶ ಎಲ್ಲ ಬರೆದಿಟ್ಟುಕೊಳ್ಳಬೇಕು ಅಂತ 65ಎ ಹೇಳುತ್ತೆ. ರಿಚಿ ಸ್ಟ್ರೀಟಿನ ಅಂಗಡಿಯವನು ಬಿಲ್ ಬರೆಯೋದೇ ಕಷ್ಟ, ಇನ್ನು ರಿಜಿಸ್ಟರ್ ಬರೀತಾನಾ? ಬಾಗಿಲು ತೆರೆಯಬಹುದು ಅಂತ ಕಾನೂನು ಹೇಳುತ್ತೆ, ತೆರೆದುಕೊಡಿ ಅಂತ ಕೇಳುವ ಹಕ್ಕು ಮಾತ್ರ ಎಲ್ಲೂ ಇಲ್ಲ.

ಅತ್ತ ಮನುಷ್ಯರ ಮೇಲಿನ ಕೋಲು ಗಟ್ಟಿಯಾಗುತ್ತಲೇ ಹೋಯಿತು. ತಮಿಳುನಾಡು 2004ರಲ್ಲಿ ಗೂಂಡಾ ಕಾಯ್ದೆಯ ಪಟ್ಟಿಗೆ ವಿಡಿಯೋ ಪೈರೇಟ್‌ಗಳನ್ನ ಸೇರಿಸಿತು. ಅಂದ್ರೆ ವಿಚಾರಣೆ ಇಲ್ಲದೆ ಒಂದು ವರ್ಷದ ತನಕ ಒಳಗೆ. ನಮ್ಮ ಕರ್ನಾಟಕ ಹತ್ತು ವರ್ಷದ ಮೇಲೆ, 2014ರಲ್ಲಿ, ಅದನ್ನೇ ಮಾಡಿತು. ಬರ್ಮಾ ಬಜಾರಿನ ತಳ್ಳುಗಾಡಿಯವನನ್ನು ಅಕ್ರಮ ಸಾರಾಯಿಯವರ, ಭೂಗಳ್ಳರ ಸಾಲಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣಲ್ಲ. 2012ರಲ್ಲಿ ಧನುಷ್‌ನ "3" ಸಿನಿಮಾ, ಅದೇ ಕೊಲವೆರಿ ಹಾಡಿನದು, ಅದಕ್ಕಾಗಿ ಮದ್ರಾಸ್ ಹೈಕೋರ್ಟಿನಿಂದ ತಂದ ಆದೇಶ ಹಿಡಿದು ಇಂಟರ್ನೆಟ್ ಕಂಪನಿಗಳು ವಿಮಿಯೋ, ಡೈಲಿಮೋಷನ್ ಇಡೀ ಸೈಟುಗಳನ್ನೇ ಮುಚ್ಚಿದ್ದವು. ಪೂರ್ತಿ ಸೈಟಲ್ಲ, ನಿರ್ದಿಷ್ಟ ವಿಳಾಸಗಳನ್ನ ಮಾತ್ರ ಮುಚ್ಚಿ ಅಂತ ಕೋರ್ಟೇ ಜೂನ್‌ನಲ್ಲಿ ಸ್ಪಷ್ಟ ಮಾಡಬೇಕಾಯಿತು. ನಮ್ಮಲ್ಲಿ ಎಷ್ಟು ಜನ ಆ ತಿಂಗಳು ಆಫೀಸಿನ ವಿಪಿಎನ್ ಕೆಟ್ಟಿದೆ ಅಂತ ಟಿಕೆಟ್ ಹಾಕಿದ್ದರೋ.

ಹಾಗಾದರೆ ಕಡ್ಡಾಯದ ಬೀಗ ಸೋತಿತಾ? ಅಮೆರಿಕದಲ್ಲಿ ಹಾಲಿಂಗ್ಸ್ ಮಸೂದೆ ಸತ್ತಿತು, ಫ್ಲ್ಯಾಗ್ ಬಿತ್ತು, ಇಲ್ಲಿ 65ಎ ಮೆತ್ತಗೆ ಬಂತು. ಕಾಗದದ ಮೇಲೆ ನೋಡಿದ್ರೆ ಗೆದ್ದವರು ನಾವೇ. ಈಗ ನಿಮ್ಮ ಟಿವಿಯ ಹಿಂದಿನ ಎಚ್‌ಡಿಎಂಐ ಕಿಂಡಿ ನೋಡಿ. ಅದರಲ್ಲಿ ಎಚ್‌ಡಿಸಿಪಿ ಅನ್ನುವ ಬೀಗ ಇದೆ, ಇಂಟೆಲ್‌ನವರು ಮಾಡಿದ್ದು. ಹೌದು, ಹಾಲಿಂಗ್ಸ್ ಮಸೂದೆಯನ್ನ ವಿರೋಧಿಸಿದ ಅದೇ ಇಂಟೆಲ್. ಅವರ ವಿರೋಧ ಇದ್ದದ್ದು ಸರ್ಕಾರ ಹೇಳುವ ಬೀಗಕ್ಕೆ. ಯಾವ ಪಾರ್ಲಿಮೆಂಟೂ ಎಚ್‌ಡಿಸಿಪಿ ಕಡ್ಡಾಯ ಮಾಡಿಲ್ಲ. ಆದರೆ ಅದಿಲ್ಲದ ಟಿವಿಗೆ ಸಿನಿಮಾ ಒಳ್ಳೆ ಗುಣಮಟ್ಟದಲ್ಲಿ ಬರಲ್ಲ, ಬರದಿದ್ದರೆ ಆ ಟಿವಿ ಮಾರಾಟವಾಗಲ್ಲ, ಹಾಗಾಗಿ ಎಲ್ಲರೂ ಲೈಸೆನ್ಸ್‌ಗೆ ಸಹಿ ಹಾಕ್ತಾರೆ. 2010ರಲ್ಲಿ ಅದರ ಮಾಸ್ಟರ್ ಕೀ ಇಂಟರ್ನೆಟ್ಟಿಗೆ ಸೋರಿತು. ಬೀಗ ಮಾತ್ರ ಇನ್ನೂ ಅಲ್ಲೇ ಇದೆ. ಡಿವಿಡಿಯ ರೀಜನ್ ಕೋಡ್ ಹುಟ್ಟಿದ್ದೂ ಹೀಗೇ ಲೈಸೆನ್ಸ್ ಮೂಲಕ. ಅಮೆರಿಕ 1, ಭಾರತ 5. ಅಲ್ಲಿಂದ ಸೂಟ್‌ಕೇಸಿನಲ್ಲಿ ಕಾಸು ಕೊಟ್ಟು ತಂದ ಅಸಲಿ ಡಿಸ್ಕ್ ಇಲ್ಲಿ ಓಡಲಿಲ್ಲ. ಬರ್ಮಾ ಬಜಾರಿನ ನಕಲಿ ಮಾತ್ರ ಯಾವ ಪ್ಲೇಯರ್‌ನಲ್ಲಾದರೂ ಓಡಿತು. ಈಗಿನ ಫೋನಲ್ಲೂ ಅದೇ. ಒಟಿಟಿ ಆ್ಯಪಿನಲ್ಲಿ ಸ್ಕ್ರೀನ್‌ಶಾಟ್ ತೆಗೆದರೆ ಕಪ್ಪು ಚೌಕ.

ಮ್ಯಾಕ್ರೋವಿಷನ್ ಕಲಮನ್ನ ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕಾನೂನು ಬೀಗ ಕಡ್ಡಾಯ ಮಾಡಿದಾಗ ಉಚಿತ ಪ್ರಸಾರಕ್ಕೆ ಹಾಕಬೇಡಿ ಅಂತ ಒಂದು ಸಾಲು ಬರ್ಕೊಂಡಿತ್ತು. ಲೈಸೆನ್ಸ್ ಒಪ್ಪಂದದಲ್ಲಿ ಆ ಸಾಲು ಬರೆಸುವವರು ಯಾರು? ಅಲ್ಲಿ ಲೈಬ್ರರಿ ಸಂಘ ಇಲ್ಲ, ಅಮ್ಮಂದಿರೂ ಇಲ್ಲ. ಇಷ್ಟಾಗಿ 2001ರ ನಮ್ಮ ಡಿಟಿಎಚ್ ನಿಯಮಗಳಲ್ಲೇ ಒಂದು ಕಂಪನಿಯ ಬಾಕ್ಸ್ ಇನ್ನೊಂದರಲ್ಲಿ ನಡೆಯುವಂತೆ ಇರಬೇಕು ಅಂತ ಬರೆದಿತ್ತು. ಅದು ಹಾಗೇ ಕಾಗದದಲ್ಲಿ ಉಳಿದು, 2020ರಲ್ಲಿ ಟ್ರಾಯ್ ಮತ್ತೆ ಅದನ್ನೇ ಶಿಫಾರಸು ಮಾಡಬೇಕಾಯಿತು.

ಬೀಗ ಮಾಡಿಸಿದವರೇ ಬೀಗಕ್ಕೆ ಸಿಕ್ಕಿಕೊಂಡ ಕಥೆಯೂ ಇಲ್ಲಿನದೇ. 2005ರ ಆಸುಪಾಸಿನಿಂದ ಥಿಯೇಟರುಗಳಿಗೆ ರೀಲಿನ ಡಬ್ಬಿ ಹೋಗೋದು ಕಮ್ಮಿಯಾಗ್ತಾ ಬಂತು. ಈಗ ಹೋಗೋದು ಎನ್‌ಕ್ರಿಪ್ಟ್ ಆದ ಫೈಲು. ಹಾಲಿವುಡ್ ಒಪ್ಪಿದ ಪದ್ಧತಿಯಲ್ಲಾದರೆ ಸಿನಿಮಾಕ್ಕೆ ಎಇಎಸ್ 128 ಬೀಗ, ಅದರ ಕೀ ಬೇರೆಯಾಗಿ ಬರುತ್ತೆ. ಆ ಕೀ ಒಂದು ನಿರ್ದಿಷ್ಟ ಯಂತ್ರಕ್ಕೆ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಮಾತ್ರ. ಪರದೆಯ ಮೇಲೆ ಕಣ್ಣಿಗೆ ಕಾಣದ ಗುರುತು ಕೂಡ ಇರುತ್ತೆ, ಐದು ನಿಮಿಷದೊಳಗೆ 35 ಬಿಟ್: ಯಾವ ಯಂತ್ರ, ಯಾವ ಹೊತ್ತು. ಯಾರಾದರೂ ಮೊಬೈಲಲ್ಲಿ ಕದ್ದು ಹಿಡಿದರೆ ಯಾವ ಥಿಯೇಟರು ಅಂತ ಗೊತ್ತಾಗುತ್ತೆ. ಇಂಜಿನಿಯರ್ ಆಗಿ ಹೇಳೋದಾದ್ರೆ ಸೊಗಸಾದ ಕೆಲಸ. ನಮ್ಮ ದೇಶದ ಬಹಳಷ್ಟು ಥಿಯೇಟರುಗಳಲ್ಲಿರೋದು ಇದಕ್ಕಿಂತ ಅಗ್ಗದ, ಆಯಾ ಕಂಪನಿಯ ಸ್ವಂತ ಪದ್ಧತಿ, ಆದರೆ ತತ್ವ ಒಂದೇ. ಪ್ರಿಂಟ್ ಯಾರ ಕೈಯಲ್ಲೋ ಸಿನಿಮಾ ಅವರದು ಅನ್ನೋ ಕಾಲ ಹೋಗಿ, ಕೀ ಯಾರ ಕೈಯಲ್ಲೋ ಸಿನಿಮಾ ಅವರದು ಅಂತಾಯಿತು. ಆ ಕೀ ಇರೋದು ಪ್ರೊಜೆಕ್ಟರ್, ಸರ್ವರ್ ಹಾಕಿಕೊಟ್ಟ ಕಂಪನಿಗಳ ಹತ್ತಿರ. ಪ್ರತಿ ಬಿಡುಗಡೆಗೂ ಅವರಿಗೆ ವಿಪಿಎಫ್ ಅನ್ನೋ ಶುಲ್ಕ ಕಟ್ಟಬೇಕು. ಹಾಲಿವುಡ್‌ನಲ್ಲಿ ಯಂತ್ರದ ಸಾಲ ತೀರುವವರೆಗೆ ಅಂತ ಇದ್ದದ್ದು ಇಲ್ಲಿ ಮುಗಿಯುವ ಲಕ್ಷಣ ಕಾಣಲಿಲ್ಲ. 2018ರ ಮಾರ್ಚ್ 1ರಿಂದ ತಮಿಳು ನಿರ್ಮಾಪಕರು ಹೊಸ ಸಿನಿಮಾ ಬಿಡುಗಡೆಯನ್ನೇ ನಿಲ್ಲಿಸಿದರು. ಶುರುವಿಗೆ ಕನ್ನಡ, ತೆಲುಗಿನವರೂ ಜೊತೆಗಿದ್ದರು, ಬೇಗ ರಾಜಿಯಾದರು. ತಮಿಳಿನವರು ಸುಮಾರು ಏಳು ವಾರ ಹಿಡಿದು ನಿಂತರು. ಆ ವಾರಗಳಲ್ಲಿ ವಡಪಳನಿಯ ಟೀ ಅಂಗಡಿಗಳಲ್ಲಿ ಹೊಸ ಪಿಕ್ಚರಿನ ಮಾತೇ ಇರಲಿಲ್ಲ. ಮದುವೆ ಸೀಸನ್ನಿಗೆ ಕ್ಯಾಮೆರಾ ಹಿಡಿಯೋಕೆ ಹೋಗ್ತೀನಿ ಅಂತಿದ್ದ ಲೈಟ್‌ಬಾಯ್ ಒಬ್ಬ ನನಗೆ ಪರಿಚಯ.

ಇನ್ನು ಮೂವತ್ತು ವರ್ಷ ಬಿಟ್ಟು ಏನು ಅನ್ನೋದೇ ನನ್ನ ಚಿಂತೆ. ಕನ್ನಡದ ಮೊದಲ ವಾಕ್ಚಿತ್ರ 1934ರ ಸತಿ ಸುಲೋಚನಾದ ಒಂದು ಪ್ರಿಂಟೂ ಉಳಿದಿಲ್ಲ. ಹಳೇ ರೀಲು ಕೊಳೆತು, ಸುಟ್ಟು, ತೂಕಕ್ಕೆ ಮಾರಾಟವಾಗಿ ಹೋಗ್ತಿದ್ದ ಕಾಲ ಅದು. ಈಗಿನ ಫೈಲು ಕೊಳೆಯಲ್ಲ. ಆದರೆ ಅವಧಿ ಮುಗಿದ ಕೀ, ಬಾಗಿಲು ಮುಚ್ಚಿದ ಕಂಪನಿ, ಗುಜರಿಗೆ ಹೋದ ಸರ್ವರ್ ಮೂರೂ ಸೇರಿದರೆ ಫೈಲ್ ಇದ್ದೂ ಇಲ್ಲದ ಹಾಗೆ. ಅದಕ್ಕೇ ಫಿಲ್ಮ್ ಆರ್ಕೈವ್‌ನವರು ನಮಗೆ ಕೊಡೋದಾದ್ರೆ ಬೀಗವಿಲ್ಲದ ಕಾಪಿ ಕೊಡಿ ಅಂತ ಕೇಳೋದು. ದೊಡ್ಡ ಬ್ಯಾನರ್‌ನವರು ಮಾಸ್ಟರ್ ಜೋಪಾನ ಮಾಡಿರ್ತಾರೆ. ಸಾಲ ಮಾಡಿ ಒಂದು ಸಿನಿಮಾ ತೆಗೆದವರ ಮಾಸ್ಟರ್ ಹಾರ್ಡ್‌ಡಿಸ್ಕ್ ಯಾವುದೋ ಪೋಸ್ಟ್ ಪ್ರೊಡಕ್ಷನ್ ಸ್ಟುಡಿಯೋದ ಬೀರುವಿನಲ್ಲಿ, ಬಾಕಿ ಬಿಲ್ಲಿನ ಜೊತೆ ಕೂತಿರುತ್ತೆ.

ನಮ್ಮ ನೋಡುಗರಲ್ಲಿ ಕೆಲವರು ಕನ್ನಡ ಸಿನಿಮಾಕ್ಕೆ ಸ್ವಲ್ಪ ಸ್ವಲ್ಪ ದುಡ್ಡು ಹಾಕಿರೋದು ನನಗೆ ಗೊತ್ತು. ಐಟಿಯವರು ಸೇರಿ ಮಾಡಿದ ಸಿನಿಮಾಗಳ ಹೆಸರಿನ ಪಟ್ಟಿಯಲ್ಲಿ ನಿಮ್ಮ ಹೆಸರು ಓಡೋದನ್ನ ನೋಡಿದ್ದೇನೆ. ಅಂಥವರು ಈ ವಾರ ನಿರ್ಮಾಪಕರಿಗೆ ಒಂದು ಫೋನ್ ಮಾಡಿ, ಬೀಗವಿಲ್ಲದ ಮಾಸ್ಟರ್ ಎಷ್ಟು ಕಡೆ ಇದೆ, ಯಾರ ಹೆಸರಲ್ಲಿದೆ ಅಂತ ಕೇಳಿ. ಒಂದೇ ಕಡೆ ಇದೆ ಅಂದರೆ ಇನ್ನೊಂದು ಡಿಸ್ಕ್ ನೀವೇ ಕೊಡಿಸಿ. ನಾಲ್ಕು ಟಿಬಿಯದು ಸಾಕು.